ಕರೆಂಟ್ ಹೋದರೂ ನಿಲ್ಲದ ಹಾಡು

ನಮ್ಮ ದಟ್ಟಗಳ್ಳಿಯ ಮನೆಯಲ್ಲಿ ದೋಸೆಗೆ ರುಬ್ಬುವಾಗ ಕರೆಂಟ್ ಹೋದರೆ ನನ್ನ ಬಲಗೈ ಈಗಲೂ ತಾನಾಗಿಯೇ ಮೇಲೇಳುತ್ತದೆ. ಗ್ರೈಂಡರ್ ಒಮ್ಮೆಲೇ ನಿಲ್ಲುವುದಿಲ್ಲ, ನಿಮಗೂ ಗೊತ್ತು. ಗುಂಯ್ ಎಂದು ತಿರುಗುತ್ತಿದ್ದ ಕಲ್ಲು ಮೊದಲು ಸ್ವಲ್ಪ ಸೋಲುತ್ತದೆ, ಆಮೇಲೆ ದನಿ ತಗ್ಗಿಸುತ್ತದೆ, ಕೊನೆಗೆ ಗೊಗ್ಗರು ಗಂಟಲಲ್ಲಿ ಏನೋ ಗೊಣಗಿ ಸುಮ್ಮನಾಗುತ್ತದೆ. ಆ ಇಳಿಯುವ ಸದ್ದು ಕಿವಿಗೆ ಬಿದ್ದದ್ದೇ ತಡ, ನನ್ನ ಕೈ ಎರಡು ಬೆರಳು ಜೋಡಿಸಿಕೊಂಡು, ಅಲ್ಲಿಲ್ಲದ ಏನನ್ನೋ ಮೆಲ್ಲಗೆ ಎತ್ತಲು ಹೋಗುತ್ತದೆ. "ಏನಮ್ಮಾ ಅದು, ಗ್ರೈಂಡರಿಗೆ ಆಶೀರ್ವಾದ ಮಾಡ್ತಿದೀಯಾ?" ಎಂದು ಮಗಳು ನಗುತ್ತಾಳೆ. ನಗಲಿ ಬಿಡಿ. ಅವಳಿಗೆ ಹೇಗೆ ಹೇಳುವುದು, ಅದು ನನ್ನ ಅಭ್ಯಾಸವೇ ಅಲ್ಲವೆಂದು. ಅದು ಲೂರ್ದತ್ತೆಯ ಕೈ. ನೋಡಿ ನೋಡಿ ನನಗೆ ಬಂದುಬಿಟ್ಟಿದೆ.

ಲೂರ್ದತ್ತೆ ಎಂದರೆ ಅಪ್ಪನ ತಂಗಿ ಲೂರ್ದಮ್ಮ. ನನ್ನನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವಳು. ಲಷ್ಕರ್ ಮೊಹಲ್ಲಾದ ಒಂದು ಓಣಿಯಲ್ಲಿ ಆಗ ನಮ್ಮದೊಂದು ಬಾಡಿಗೆಯ ಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ಉದ್ದನೆಯ ನಡುಮನೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ. ನಡುಮನೆಯ ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಪಟದ ಕೆಳಗೆ ಹಗಲೂ ರಾತ್ರಿ ಉರಿಯುವ ಕೆಂಪು ಜೀರೋ ಬಲ್ಬು, ಅದರ ಕೆಳಗೆ ಮೇಜು, ಮೇಜಿನ ಮೇಲೆ ಸೂಟ್‌ಕೇಸಿನ ಹಾಗೆ ಮುಚ್ಚಳ ತೆಗೆಯುವ ರೆಕಾರ್ಡ್ ಪ್ಲೇಯರ್. ಮುಚ್ಚಳ ತೆಗೆದರೆ ಬೆಚ್ಚಗಾದ ರೆಕ್ಸಿನ್, ಧೂಳು, ಒಂದಿಷ್ಟು ನುಸಿಗುಳಿಗೆ, ಎಲ್ಲ ಸೇರಿದ ಒಂದು ವಾಸನೆ ಬರುತ್ತಿತ್ತು. ನನ್ನ ಬಾಲ್ಯಕ್ಕೆ ವಾಸನೆ ಎಂದಿದ್ದರೆ ಅದೇ. ಅಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ವಾರದ ಅರ್ಧ ದಿನಗಳು ಯಾವುದೋ ಊರಿನ ಸ್ಟೇಷನ್ನಿನಲ್ಲಿರುತ್ತಿದ್ದರು. ಆ ಪ್ಲೇಯರನ್ನು ಮದುವೆಯಾದ ಹೊಸದರಲ್ಲಿ ಅಮ್ಮನಿಗೋಸ್ಕರ ತಂದದ್ದಂತೆ.

ಅಮ್ಮನ ಹೆಸರು ಸ್ಟೆಲ್ಲ. ನಾನು ಹೆಜ್ಜೆ ಇಡಲು ಕಲಿಯುವ ಹೊತ್ತಿಗೆ ಕಾಮಾಲೆಯಾಗಿ ಹೋಗಿಬಿಟ್ಟಳು. ಹಾಗಾಗಿ ಅವಳ ಮುಖವೆಂದರೆ ನನಗೆ ಮದುವೆಯ ಫೋಟೋದಲ್ಲಿ ತಲೆತಗ್ಗಿಸಿ ಕೂತ ಮುಖವೊಂದೇ. ಆದರೆ ದನಿ ಇತ್ತು. ಚರ್ಚಿನ ಯಾವುದೋ ಹಬ್ಬದ ನೆನಪಿಗೆಂದು ನಮ್ಮ ಗಾಯನವೃಂದದವರು ಒಂದು ಪುಟ್ಟ ರೆಕಾರ್ಡ್ ಮಾಡಿಸಿದ್ದರು. ತಿಂಡಿ ತಟ್ಟೆಯಷ್ಟು ಅಗಲ, ನಿಮಿಷಕ್ಕೆ ನಲವತ್ತೈದು ಸುತ್ತಿನ ವೇಗದಲ್ಲಿ ತಿರುಗಬೇಕಾದದ್ದು. ಅದರ ಹಿಂದಿನ ಮಗ್ಗುಲಲ್ಲಿ ಬಾಲಯೇಸುವನ್ನು ಮಲಗಿಸುವ ಒಂದು ಜೋಗುಳವಿತ್ತು. ಅದನ್ನು ಹಾಡಿದವಳು ಅಮ್ಮ, ಒಬ್ಬಳೇ, ಹಿಂದೆ ಹಾರ್ಮೋನಿಯಂ ಮಾತ್ರ. ಆಗ ನಾನು ಅವಳ ಹೊಟ್ಟೆಯಲ್ಲಿದ್ದೆನಂತೆ. "ನೀನೂ ಹಾಡಿದೀಯ ಕಣ್ ಮಗ, ಒಳಗಿಂದ" ಎಂದು ಲೂರ್ದತ್ತೆ ನನ್ನನ್ನು ರೇಗಿಸುತ್ತಿದ್ದಳು. ನಾನದನ್ನು ನಂಬಿಕೊಂಡು ರೆಕಾರ್ಡಿಗೆ ಕಿವಿ ಹಚ್ಚಿ ನನ್ನ ದನಿಗಾಗಿ ಹುಡುಕುತ್ತಿದ್ದೆ.

ಲೂರ್ದತ್ತೆಯೂ ಆ ಗಾಯನವೃಂದದಲ್ಲೇ ಇದ್ದಳು. ರೆಕಾರ್ಡಿನಲ್ಲಿ ಮಾತ್ರ ಇಲ್ಲ. ಅವಳದು ದಪ್ಪ ದನಿ, ಕೊನೆಯ ಸಾಲಿನಲ್ಲಿ ನಿಂತು ಹಾಡಿದರೂ ಮುಂದಿನ ಬೆಂಚಿನವರು ತಿರುಗಿ ನೋಡುವಂಥದ್ದು. ಹಾಡು ಕಲಿಸುತ್ತಿದ್ದ ಮೇಷ್ಟ್ರು ರೆಕಾರ್ಡಿಂಗಿಗೆ ಹೊರಡುವ ಮುಂಚೆ ಅವಳನ್ನು ಪಕ್ಕಕ್ಕೆ ಕರೆದು, "ಲೂರ್ದಮ್ಮ, ಬೇಜಾರು ಮಾಡ್ಕೋಬೇಡಿ, ಈ ಸಲ ನೀವು ಬೇಡ" ಎಂದರಂತೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ಇಲ್ಲವೇ ಮಾಡಿಕೊಂಡದ್ದನ್ನು ಯಾರಿಗೂ ತೋರಿಸಲಿಲ್ಲ. ಹೊರಟವರಿಗೆಲ್ಲ ಪುಳಿಯೋಗರೆ ಕಟ್ಟಿಕೊಟ್ಟಳು. "ನನ್ ದನಿ ಹಾಕಿದ್ದಿದ್ರೆ ಆ ರೆಕಾರ್ಡು ಅವತ್ತೇ ಬಿರುಕು ಬಿಡ್ತಿತ್ತು ಕಣೇ" ಎಂದು ಮುಂದೆ ತಾನೇ ಹೇಳಿಕೊಂಡು ನಗುತ್ತಿದ್ದಳು. ನಕ್ಕರೂ ಅವಳದು ಗಂಡಸರು ನಕ್ಕ ಹಾಗೆಯೇ ಕೇಳುತ್ತಿತ್ತು.

ದಿನಾ ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ, ಊಟಕ್ಕೆ ಮುಂಚೆ, ಅಮ್ಮನ ಹೊತ್ತು. ಅಪ್ಪ ಊರಲ್ಲಿದ್ದರೆ ಜಗಲಿಯ ಮೇಲೆ ಕೂರುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಲೂರ್ದತ್ತೆ ಮೇಜಿನ ಪಕ್ಕದಲ್ಲೇ ಗೋಡೆಗೊರಗಿ, ಮೊರದಲ್ಲಿ ಅಕ್ಕಿ ಹರವಿಕೊಂಡು, ಒಂದು ಕಣ್ಣು ಅಕ್ಕಿಯ ಮೇಲೆ, ಒಂದು ಕಣ್ಣು ಗೋಡೆಯ ಪಟದ ಮೇಲೆ ಇಟ್ಟು ಕೂರುತ್ತಿದ್ದಳು. ಎಂಥ ಭಕ್ತಿ ಎಂದುಕೊಳ್ಳುತ್ತಿದ್ದೆ. ನಾನು ಅವಳ ತೊಡೆಗೆ ಕಿವಿಯೊತ್ತಿ ಮಲಗುವುದು. ಸೂಜಿ ತಗುಲಿದ ಕೂಡಲೇ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಚಿಟಪಟ, ಆಮೇಲೆ ಹಾರ್ಮೋನಿಯಂ, ಆಮೇಲೆ ಅಮ್ಮ. ಅಮ್ಮನದು ತಣ್ಣಗಿನ, ನಿಧಾನದ, ತುಸು ಭಾರವಾದ ದನಿ. ತುಂಬಿದ ಬಸುರಿ ಮೆಟ್ಟಿಲಿಳಿಯುವ ಹಾಗೆ ಒಂದೊಂದು ಮಾತೂ ಜೋಪಾನವಾಗಿ ಕಾಲೂರಿ ಬರುತ್ತಿತ್ತು. ಅದರ ಕೆಳಗೆ ಲೂರ್ದತ್ತೆ, ತುಟಿಯನ್ನು ಅಷ್ಟಾಗಿ ಅಲುಗಿಸದೆ, ಅದೇ ಹಾಡನ್ನು ತಾನೂ ಹಾಡಿಕೊಳ್ಳುತ್ತಿದ್ದಳು. ನನ್ನ ಮೇಲಿನ ಕಿವಿಗೆ ರೆಕಾರ್ಡಿನ ಅಮ್ಮ, ತೊಡೆಗೆ ಒತ್ತಿದ ಕಿವಿಗೆ ಅತ್ತೆ. ಎರಡೂ ಕಿವಿ ತುಂಬಿ ನಿದ್ದೆ ಬರುತ್ತಿತ್ತು. ನಾನು ಅಮ್ಮನಿಲ್ಲದ ಮಗು ಎಂದು ಓಣಿಯ ಹೆಂಗಸರು ನನ್ನ ಗಲ್ಲ ಸವರಿ ಲೊಚಗುಟ್ಟುವಾಗ, ಇವರೆಲ್ಲ ಯಾರ ವಿಷಯ ಮಾತಾಡುತ್ತಿದ್ದಾರೆ ಎಂದೇ ನನಗೆ ತಿಳಿಯುತ್ತಿರಲಿಲ್ಲ.

ಆ ಕಾಲದ ಸಂಜೆಗಳಲ್ಲಿ ಕರೆಂಟ್ ಹೋಗುವುದು ಕಾಫಿ ಕುಡಿದಷ್ಟೇ ಮಾಮೂಲು. ಹೋದೊಡನೆ ಓಣಿಯ ಹುಡುಗರೆಲ್ಲ 'ಓ' ಎಂದು ಕೂಗುತ್ತಿದ್ದರು, ಪಕ್ಕದ ಮನೆಯ ರೇಡಿಯೋ ಬಾಯಿ ಮುಚ್ಚುತ್ತಿತ್ತು, ಎದುರುಮನೆಯವರು ಬೀಸಣಿಗೆ ಹಿಡಿದು ಹೊರಗೆ ಬರುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಹಾಡು ನಿಲ್ಲುತ್ತಿರಲಿಲ್ಲ. ಕಗ್ಗತ್ತಲಲ್ಲೂ ಅಮ್ಮ ಎಂದಿನಂತೆ ಒಂದೊಂದೇ ಮೆಟ್ಟಿಲಿಳಿಯುತ್ತ ಹಾಡಿ ಮುಗಿಸುತ್ತಿದ್ದಳು. ಹಾಡು ಮುಗಿದ ಮೇಲೆಯೇ ಅತ್ತೆ ನನ್ನ ತಲೆಯನ್ನು ಕೆಳಗಿಳಿಸಿ, ಎದ್ದು, ಬೆಂಕಿಪೊಟ್ಟಣ ಹುಡುಕುತ್ತಿದ್ದಳು. ಇದು ಎಲ್ಲರ ಮನೆಯಲ್ಲೂ ನಡೆಯುವುದಿಲ್ಲವೆಂದು ಗೊತ್ತಾದದ್ದು ಶಾಲೆಗೆ ಸೇರಿದ ಮೇಲೆ. "ನಮ್ಮನೆ ರೆಕಾರ್ಡು ಕರೆಂಟ್ ಇಲ್ದಿದ್ರೂ ಹಾಡುತ್ತೆ" ಎಂದು ಜಂಬ ಕೊಚ್ಚಿಕೊಂಡೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅತ್ತುಕೊಂಡು ಮನೆಗೆ ಬಂದವಳಿಗೆ ಲೂರ್ದತ್ತೆ ಸೆರಗಿನಿಂದ ಮೂಗು ಒರೆಸಿ, "ಅವ್ರ ಮನೇದಕ್ಕೆ ಕರೆಂಟ್ ಬೇಕು, ನಮ್ಮನೇದಕ್ಕೆ ಬ್ಯಾಡ. ಅಷ್ಟಕ್ಕೆಲ್ಲ ಯಾಕಳ್ತೀಯ, ಬುಡು. ಕೈಕಾಲು ತೊಳ್ಕೊಂಡ್ ಬಾ, ಅವಲಕ್ಕಿ ಕಲಸಿದೀನಿ" ಎಂದಳು. ಇನ್ನಷ್ಟು ದೊಡ್ಡವಳಾದ ಮೇಲೆ, ಕತ್ತಲಲ್ಲಿ ಹಾಡಿ ಮುಗಿಸುತ್ತಿದ್ದವಳು ಅತ್ತೆಯೇ ಎಂದು ತಾನಾಗಿ ಅರ್ಥವಾಯಿತು. ಆದರೆ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಂಡದ್ದು ನನ್ನ ಕಿವಿಗೆ ಹೇಗೆ ತಿಳಿಯಲಿಲ್ಲ ಎಂದು ಯೋಚಿಸಲಿಲ್ಲ. ಒಂದೇ ಮನೆಯವರು, ದನಿಯೂ ಒಂದೇ ಥರ ಇದ್ದೀತು ಎಂದುಕೊಂಡಿದ್ದೆ.

ಮುಂದೆ ಮನೆಗೆ ಟೇಪ್ ರೆಕಾರ್ಡರ್ ಬಂತು, ಪ್ಲೇಯರ್ ಅಟ್ಟ ಸೇರಿತು. ನನಗೂ ಜೋಗುಳ ಬೇಕಾಗುವ ವಯಸ್ಸು ದಾಟಿತ್ತು. ಮಾಲೀಕರು ಮನೆ ಮಾರಿದರು. ಈಗ ನಮ್ಮ ಜಗಲಿ ಇದ್ದ ಕಡೆ ಚಪ್ಪಲಿ ಅಂಗಡಿಯ ಗಾಜಿನ ಬಾಗಿಲಿದೆ. ನಾನು ಶಾಲೆಯೊಂದರಲ್ಲಿ ಟೀಚರಾದೆ, ಮದುವೆಯಾದೆ, ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಕೊಂಡೆವು. ಅಪ್ಪ, ಲೂರ್ದತ್ತೆ, ಪವಿತ್ರ ಹೃದಯದ ಪಟ, ಅದರ ಕೆಂಪು ಬಲ್ಬು, ಅಟ್ಟದ ಪ್ಲೇಯರ್, ಎಲ್ಲ ನಮ್ಮ ಜೊತೆಗೇ ಬಂದವು. ಹೋದ ವರ್ಷ ಜ್ವರವೆಂದು ಮಲಗಿದ ಲೂರ್ದತ್ತೆ ಏಳಲಿಲ್ಲ. ಅವಳ ವರ್ಷದ ಪೂಜೆ ಹತ್ತಿರ ಬಂದಾಗ ಒಮ್ಮೆ ಅವಳ ದನಿ ಕೇಳಬೇಕೆನಿಸಿತು. ಫೋನು ತಡಕಾಡಿದೆ, ಮಗಳ ಫೋನಲ್ಲೂ ಹುಡುಕಿಸಿದೆ. ಫೋಟೋಗಳು ರಾಶಿ ಇದ್ದವು. ವಿಡಿಯೋಗಳಲ್ಲಿ ಮಾತ್ರ ಅವಳು ಕೈ ಅಡ್ಡ ಹಿಡಿದು, ಬಾಯಿ ಬಿಗಿದು ನಗುತ್ತಿದ್ದಾಳೆ. ಯಾರಾದರೂ ಫೋನು ಎತ್ತಿದರೆ ಸಾಕು, "ನನ್ ದನಿ ಹಿಡೀಬೇಡ್ರೋ, ಫೋನ್ ಕೆಟ್ಟೋದಾತು" ಎನ್ನುತ್ತಿದ್ದಳಲ್ಲ, ಅದೂ ರೆಕಾರ್ಡಿಂಗ್ ಶುರುವಾಗುವ ಮುಂಚೆಯೇ. ಒಂದೇ ಒಂದು ಮಾತೂ ಸಿಗಲಿಲ್ಲ. ಕೊನೆಗೆ, ಅವಳು ದಿನಾ ಕೇಳುತ್ತಿದ್ದ ಅಮ್ಮನ ರೆಕಾರ್ಡನ್ನಾದರೂ ಆ ದಿನ ಹಾಕೋಣವೆಂದು ಅಟ್ಟದಿಂದ ಪ್ಲೇಯರ್ ಇಳಿಸಿದರೆ ಅದರ ಬೆಲ್ಟು ಅಂಟಂಟಾಗಿ ಕರಗಿಹೋಗಿತ್ತು.

ಹೀಗಾಗಿ ನಾನು ಪ್ಲೇಯರನ್ನೂ ರೆಕಾರ್ಡನ್ನೂ ಹೊತ್ತುಕೊಂಡು ಸರಸ್ವತಿಪುರಂನ ಮಹದೇವಸ್ವಾಮಿಯವರ ಮನೆಗೆ ಹೋದೆ. ನನ್ನ ಜೊತೆ ಪಾಠ ಮಾಡುತ್ತಿದ್ದ ಗಿರಿಜಕ್ಕನ ಯಜಮಾನರು ಅವರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು, ಹಣೆತುಂಬ ವಿಭೂತಿ, ಮನೆತುಂಬ ರೆಕಾರ್ಡು. "ಇವ್ರನ್ನ ಬೇಕಾದ್ರೆ ಕರ್ಕೊಂಡೋಗು, ಆ ರೆಕಾರ್ಡುಗಳನ್ನೂ ಜೊತೇಲಿ ಹಾಕ್ಕೊಡ್ತೀನಿ" ಎಂದು ಗಿರಿಜಕ್ಕ ಕಾಫಿ ಕೊಟ್ಟು ಹೋದರು. ಮಹದೇವಸ್ವಾಮಿಯವರು ನನ್ನ ಪುಟ್ಟ ರೆಕಾರ್ಡನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ತಮ್ಮ ಪ್ಲೇಯರಿನ ಮೇಲಿಟ್ಟು, ಅದರ ನಡುವೆ ಕಪ್ಪು ಬಿಳಿ ಗೆರೆಗಳಿದ್ದ, ವೇಗ ಪರೀಕ್ಷಿಸುವ ಒಂದು ಕಾಗದದ ಬಿಲ್ಲೆ ಹಾಕಿದರು. ಆಮೇಲೆ ಹಳೆಯ ಟ್ಯೂಬ್‌ಲೈಟ್ ಹಚ್ಚಿದರು. ಈಗಿನ ಎಲ್ಇಡಿ ಬೆಳಕಲ್ಲಿ ಈ ಪರೀಕ್ಷೆ ನಡೆಯುವುದಿಲ್ಲವಂತೆ, ಅದಕ್ಕೆಂದೇ ಆ ಒಂದು ಟ್ಯೂಬನ್ನು ಹೆಂಡತಿಯ ಕಣ್ಣು ತಪ್ಪಿಸಿ ಉಳಿಸಿಕೊಂಡಿದ್ದರು. ತಟ್ಟೆ ತಿರುಗಿತು. ಸರಿಯಾದ ವೇಗ ಬಂದಾಗ, ಆಶ್ಚರ್ಯ, ತಿರುಗುತ್ತಿರುವ ಬಿಲ್ಲೆಯ ಗೆರೆಗಳು ನಿಂತಲ್ಲೇ ನಿಂತ ಹಾಗೆ ಕಂಡವು. "ನೋಡಿ ಮೇಡಂ, ರೆಕಾರ್ಡಿನ ಗೀರಲ್ಲಿ ದನಿ ಅಂತ ಕೂತಿರಲ್ಲ. ಬರೀ ಅಂಕುಡೊಂಕು. ಸೂಜಿ ಅದ್ರ ಮೇಲೆ ಬೇಗ ಓಡಿದ್ರೆ ದನಿ ಏರುತ್ತೆ, ನಿಧಾನ ಓಡಿದ್ರೆ ಇಳಿಯುತ್ತೆ. ಇಳಿದ್ರೆ ಸುಮ್ನೆ ಇಳಿಯಲ್ಲ, ಸ-ಶ ಎಲ್ಲ ಮಂಕಾಗುತ್ತೆ, ಹೊಳಪೇ ಹೊರಟೋಗುತ್ತೆ. ಹದಿನೆಂಟರ ಹುಡುಗಿ ಅಜ್ಜಿ ಆಗ್ಬುಡ್ತಾಳೆ. ಜಾಸ್ತಿ ಓಡ್ಸಿ, ಅಜ್ಜಿ ಅಳಿಲಾಗ್ತಾಳೆ" ಎಂದು ತಮ್ಮ ಮಾತಿಗೆ ತಾವೇ ನಕ್ಕು ಸೂಜಿ ಇಳಿಸಿದರು.

ಸಾಸಿವೆ ಸಿಡಿಯಿತು, ಹಾರ್ಮೋನಿಯಂ ಬಂತು. ಆಮೇಲೆ ಯಾರೋ ಒಬ್ಬ ಹುಡುಗಿ ಹಾಡಿದಳು. ತೆಳ್ಳನೆಯ, ಚುರುಕಾದ ದನಿ. ಎತ್ತರಕ್ಕೆ ಏರುವಾಗ ಒಂದಿಷ್ಟೂ ಅಂಜದೆ ಲಂಗ ಎತ್ತಿ ಹಿಡಿದು ಓಡುವ ದನಿ. ಸಾಲಿನ ಕೊನೆಗೆ ಉಸಿರು ಸಾಲದೆ ಸಣ್ಣಗೆ ಏದುಸಿರು ಬಿಟ್ಟದ್ದೂ ಕೇಳಿಸಿತು. "ಸರ್, ಇದು ಜೋರಾಗಿ ತಿರುಗ್ತಿದೆ" ಎಂದೆ. ಅವರಿಗೆ ಸ್ವಲ್ಪ ಚುರ್ರೆಂದಿತು. "ಗೆರೆ ನಿಂತಿದೆಯಲ್ಲ ಮೇಡಂ, ಕಾಣ್ತಿಲ್ವಾ? ಹಾಡಿದೋರು ಹೀಗೇ ಹಾಡಿರೋದು" ಎಂದರು. ಕಾಣುತ್ತಿತ್ತು. ಆ ನಿಂತ ಗೆರೆಗಳನ್ನೇ ನೋಡುತ್ತ ಕೂತೆ. ಇವಳು ನನ್ನಮ್ಮನಾದರೆ, ಇಷ್ಟು ವರ್ಷ ನಾನು ಅಮ್ಮ ಎಂದುಕೊಂಡದ್ದು ಯಾರನ್ನು? ಇದ್ದದ್ದೇ ಒಂದು ದನಿ. ಅದೂ ಕೈತಪ್ಪಿಹೋದ ಹಾಗಾಯಿತು. ಮಹದೇವಸ್ವಾಮಿಯವರು ಅಷ್ಟರಲ್ಲಿ ನಮ್ಮ ಹಳೇ ಪ್ಲೇಯರನ್ನು ಬೋರಲು ಹಾಕಿ, ತಿರುಗಿಸಿ ನೋಡುತ್ತಿದ್ದವರು, "ಓಹೋ, ಇಲ್ಲಿದೆ ನೋಡಿ ಕಥೆ" ಎಂದರು. ವೇಗ ಹೆಚ್ಚು ಕಡಿಮೆ ಮಾಡುವ ಪುಟ್ಟ ಗುಂಡಿಯನ್ನು ನಿಧಾನದ ಕಡೆಗೆ ಪೂರ್ತಿ ಎನ್ನುವಷ್ಟು ತಿರುಗಿಸಲಾಗಿತ್ತು. ಸರಿಯಾಗಿ ಅಲ್ಲೇ, ತಗಡಿನ ಮೇಲೆ, ಒಂದು ನೀಲಿ ಪೇಂಟಿನ ಚುಕ್ಕೆ. "ಯಾರೋ ಬೇಕಂತ್ಲೇ ಗುರುತು ಮಾಡಿದಾರೆ. ಹಾರ್ಮೋನಿಯಂನಲ್ಲಿ ಎರಡು ಮನೆ ಕೆಳಗಿಳಿಸಿದಾರೆ ಅನ್ನಿ. ಚುಕ್ಕೆ ಕೆರೆದು, ಸರಿ ಮಾಡಿ ಕೊಡ್ಲಾ?" ಬೇಡವೆಂದೆ. ಆ ನೀಲಿ ನನಗೆ ಗೊತ್ತಿತ್ತು. ಪ್ರತಿ ಕ್ರಿಸ್‌ಮಸ್ಸಿಗೆ ಬಾಲಯೇಸುವಿನ ಗೋದಲಿ ಕಟ್ಟುವಾಗ ಲೂರ್ದತ್ತೆ ಮೇಲಿನ ಆಕಾಶಕ್ಕೆ ಬಳಿಯುತ್ತಿದ್ದ ಪೇಂಟು ಅದು.

ಹೊಸ ಬೆಲ್ಟು ಹಾಕಿಸಿಕೊಂಡು ಆಟೋದಲ್ಲಿ ಮನೆಗೆ ಬಂದವಳೇ ಅಪ್ಪನ ಮುಂದೆ ಪ್ಲೇಯರ್ ಇಟ್ಟು ಆ ಚುಕ್ಕೆ ತೋರಿಸಿದೆ. ಅಪ್ಪನಿಗೆ ಈಗ ಕಣ್ಣು ಮಂಜು, ನೆನಪು ಒಂದೊಂದು ದಿನ ಒಂದೊಂದು ಥರ. ಅಂದು ಚೆನ್ನಾಗಿತ್ತು. ಬೆರಳಿಂದ ಚುಕ್ಕೆಯನ್ನು ಸವರಿದರು. ಆಮೇಲೆ ಹೇಳಿದರು. "ನೀನು ಇಷ್ಟುದ್ದ ಇದ್ದೆ ಕಣಮ್ಮ. ಒಂದಿನ ಹಾಡು ನಡೀತಿದ್ದಂಗೇ ಕರೆಂಟ್ ಹೋಯ್ತು. ಸ್ಟೆಲ್ಲನ ದನಿ ಹಂಗೇ ಇಳೀತಾ ಇಳೀತಾ ಗೊರಗೊರ ಅಂದು ನಿಂತೋಯ್ತು. ಅಮ್ಮ ಬಿದ್ದೋದ್ಲು, ಅಮ್ಮ ಬಿದ್ದೋದ್ಲು ಅಂತ ಚೀರ್ಕೊಂಡೆ ನೋಡು, ಜ್ವರ ಬಂದ್ಬುಡ್ತು ನಿಂಗೆ. ರೆಕಾರ್ಡು ಪೆಟ್ಟಿಗೆಗೆ ಹಾಕ್ಬುಡು ಅಂದೆ ನಾನು. ಲೂರ್ದು ಕೇಳ್ಲಿಲ್ಲ. ಮಗೀಗೆ ಅಮ್ಮ ಅಂತ ಇರೋದು ಇದೊಂದೇ, ಇದ್ನೂ ಪೆಟ್ಟಿಗೇಲಿಟ್ರೆ ಹೆಂಗಣ್ಣ ಅಂದ್ಲು."

ಅಲ್ಲಿಂದ ಮುಂದೆ ಅವಳು ಮೇಜಿನ ಪಕ್ಕ ಬಿಟ್ಟು ಏಳಲಿಲ್ಲವಂತೆ. ಪಟದ ಕೆಳಗಿನ ಕೆಂಪು ಬಲ್ಬು ಆರಿತೋ, ಎರಡು ಬೆರಳಲ್ಲಿ ಥಟ್ಟನೆ ಸೂಜಿ ಎತ್ತುವುದು, ಅಮ್ಮ ಬಿಟ್ಟ ಮಾತಿನಿಂದ ತಾನು ಹಾಡುವುದು. ಭಕ್ತಿ ಎಂದು ನಾನು ತಿಳಿದದ್ದು ಈ ಕಾವಲನ್ನು. ಆದರೆ ಮೊದಮೊದಲು ನಾನು ಮೋಸ ಹೋಗಲಿಲ್ಲವಂತೆ. ಅಮ್ಮನ ಎತ್ತರಕ್ಕೆ ಅತ್ತೆಯ ಗಂಟಲು ಏರುತ್ತಿರಲಿಲ್ಲ. ಕತ್ತಲಲ್ಲಿ ಬೇರೆ ದನಿ ಕೇಳಿದೊಡನೆ ನಾನು ಮತ್ತೆ ರಂಪ ಶುರು ಮಾಡುತ್ತಿದ್ದೆ. "ಆಗ ಈ ಗುಂಡಿ ಹಿಡ್ಕೊಂಡು ಕೂತ್ಲು, ದಿನಾ. ತಾನು ಏರಕ್ಕಾಗ್ದಿದ್ರೆ ಅತ್ತಿಗೇನೇ ತನ್ನ ಹತ್ರಕ್ಕೆ ಇಳಿಸ್ಕೊಂಡ್ಲು. ಕರೆಂಟ್ ಇದ್ದಾಗ್ಲೂ ಜೊತೇಲಿ ಹಾಡೋಳು, ನಿನ್ ಕಿವಿಗೆ ಇಬ್ರೂ ಒಂದೇ ಆಗ್ಲಿ ಅಂತ" ಎಂದರು ಅಪ್ಪ. ನಾನು ಕಣ್ಣೊರೆಸಿಕೊಂಡು, "ನಿಮಗೆ ಬೇಜಾರಾಗ್ಲಿಲ್ವಾ ಅಪ್ಪ, ಅಮ್ಮನ ದನಿ ಹಂಗಾಗಿದ್ದಕ್ಕೆ?" ಎಂದು ಕೇಳಿದೆ. ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂರುತ್ತಿದ್ದ ಆ ಗಾರ್ಡ್ ಸಾಹೇಬರು ನನ್ನ ಕಣ್ಣ ಮುಂದೆ ಬಂದರು. "ಆಯ್ತು. ಆದ್ರೆ ಅವಳ ದನಿ ನನ್ ಕಿವೀಲಿ ಇದ್ದಂಗೇ ಇತ್ತಲ್ಲಮ್ಮ. ರೆಕಾರ್ಡು ಬೇಕಾಗಿದ್ದು ನಿಂಗೆ" ಎಂದರು.

ವರ್ಷದ ಪೂಜೆಯ ದಿನ ಸಂಜೆ, ಬಂದವರೆಲ್ಲ ಹೋಗಿ, ಜಪಸರವೂ ಮುಗಿದ ಮೇಲೆ ಪಟದ ಕೆಳಗೆ ಪ್ಲೇಯರ್ ಇಟ್ಟೆ. ಅಪ್ಪ ದಣಿದು ಒಳಗಿನ ಕೋಣೆಯಲ್ಲಿ ಒರಗಿದ್ದರು. ಮೊದಲು ಸರಿಯಾದ ವೇಗಕ್ಕೆ ಹಾಕಿದೆ. ಲಂಗ ಎತ್ತಿಕೊಂಡು ಓಡಿಬಂದ ಆ ಹುಡುಗಿಯ ಮೇಲೆ ಈ ಸಲ ನನಗೆ ಬರೀ ಪ್ರೀತಿ ಬಂತು. ಅವಳು ಈಗ ಹೆಚ್ಚುಕಡಿಮೆ ನನ್ನ ಮಗಳ ಓರಗೆಯವಳು. ಹೊಟ್ಟೆಯಲ್ಲಿ ನನ್ನನ್ನಿಟ್ಟುಕೊಂಡು ಎಷ್ಟು ಖುಷಿಯಾಗಿ ಹಾಡುತ್ತಿದ್ದಾಳೆ. ಏದುಸಿರು ಬಿಡುತ್ತಿದ್ದದ್ದು ನನ್ನ ಭಾರಕ್ಕೇ ಇರಬೇಕು. ಹಾಡು ಮುಗಿದ ಮೇಲೆ ಗುಂಡಿಯನ್ನು ನೀಲಿ ಚುಕ್ಕೆಗೆ ತಿರುಗಿಸಿ ಮತ್ತೆ ಸೂಜಿ ಇಟ್ಟೆ. ದನಿ ಇಳಿಯಿತು, ತಣ್ಣಗಾಯಿತು, ಮೆಟ್ಟಿಲ ಮೇಲೆ ಜೋಪಾನವಾಗಿ ಕಾಲೂರಿತು. ಲಷ್ಕರ್ ಮೊಹಲ್ಲಾದ ಮನೆ, ಮೊರ, ಅಕ್ಕಿ, ಎಲ್ಲ ಬಂದೇ ಬಿಡುತ್ತವೆ ಎಂದು ಕಣ್ಣು ಮುಚ್ಚಿ ಕಾದೆ. ಬರಲಿಲ್ಲ. ಎಲ್ಲ ಇದ್ದಂತೆಯೇ ಇತ್ತು, ಆದರೂ ಅರ್ಧವೇ ಇತ್ತು. ಒಂದು ಕಿವಿ ತುಂಬಿತ್ತು, ಇನ್ನೊಂದು ಬರಿದಾಗಿತ್ತು. ಆಗ ತಿಳಿಯಿತು, ನಾನು ಅಮ್ಮ ಎಂದು ಕೇಳುತ್ತಿದ್ದ ದನಿಯಲ್ಲಿ ಅರ್ಧ ಪಾಲು ಯಾವ ರೆಕಾರ್ಡಿನಲ್ಲೂ ಇರಲಿಲ್ಲವೆಂದು. ಅದನ್ನು ಬೇಡವೆಂದು ಬಿಟ್ಟುಹೋಗಿದ್ದರು, ಅದು ಪುಳಿಯೋಗರೆ ಕಟ್ಟಿಕೊಟ್ಟು ಮನೆಯಲ್ಲೇ ಉಳಿದಿತ್ತು, ನನಗೋಸ್ಕರ.

ನಾನು ಗೋಡೆಗೊರಗಿ ಕೂತು ಹಾಡಿದೆ. ಮೆಲ್ಲಗೆ, ತುಟಿ ಅಷ್ಟಾಗಿ ಅಲುಗಿಸದೆ, ಅಮ್ಮನ ದನಿಯ ಕೆಳಗೆ. ನನ್ನದೂ ಅಪ್ಪನ ಮನೆ ಕಡೆಯ ದಪ್ಪ ದನಿಯೇ. ಅದರ ಬಗ್ಗೆ ನಾನು ಯಾವತ್ತೂ ಹೆಮ್ಮೆಪಟ್ಟವಳಲ್ಲ. ಆ ಚುಕ್ಕೆಯ ಬಳಿ ಅದು ಎಲ್ಲೂ ತಡವರಿಸದೆ ಹೋಗಿ ಕೂತುಕೊಂಡಿತು, ಮೊದಲೇ ಅಳತೆ ತೆಗೆದು ಜಾಗ ಬಿಟ್ಟಿದ್ದ ಹಾಗೆ. ಎರಡೂ ಕಿವಿ ತುಂಬಿತು. ಹೆತ್ತವಳಿಗೂ ಸಾಕಿದವಳಿಗೂ ಒಟ್ಟಿಗೇ ಮನಸ್ಸಿನಲ್ಲಿ ಕೈಮುಗಿದೆ, ಹಾಡು ಬಿಡದೆ.

ಒಳಗಿನ ಕೋಣೆಯಿಂದ ಅಪ್ಪ ಮಂಪರಿನಲ್ಲೇ ಕೇಳಿದರು, "ಲೂರ್ದು, ಕರೆಂಟ್ ಹೋಯ್ತೇನೇ?"

ಪಟದ ಕೆಳಗಿನ ಕೆಂಪು ಬಲ್ಬು ಉರಿಯುತ್ತಲೇ ಇತ್ತು. ನಾನು ಹಾಡುತ್ತಲೇ ಇದ್ದೆ. ಇನ್ನೂ ಒಂದು ಚರಣ ಬಾಕಿ ಇತ್ತು, ನಮ್ಮ ಮನೆಯಲ್ಲಿ ಹಾಡು ಮುಗಿಯದೆ ಯಾರೂ ಏಳುವುದಿಲ್ಲ.